ಅಧಿಕ ಒತ್ತಡದ ಫೈಬರ್‌ಗ್ಲಾಸ್ ಕೊಳವೆಗಳು: ಜೋಡಣೆಯ ವಿನ್ಯಾಸದಲ್ಲಿ ಗಮನಿಸಬೇಕಾದ ಅಂಶಗಳು

ಉಕ್ಕು ತುಕ್ಕು ಹಿಡಿಯುವ ಕಡೆಗಳಲ್ಲಿ ಗಾಜಿನ ಎಳೆ ಮತ್ತು ರೆಸಿನ್‌ನಿಂದ ತಯಾರಿಸಿದ ಸಂಯುಕ್ತ ಕೊಳವೆಗಳನ್ನು ಬಳಸುವುದು ಹೊಸ ಪದ್ಧತಿಯೇನಲ್ಲ. ರಾಸಾಯನಿಕ ಕಾರ್ಖಾನೆಗಳಿಗೆ, ಸಕ್ಕರೆ ಕಾರ್ಖಾನೆಗಳಿಗೆ, ತ್ಯಾಜ್ಯನೀರಿನ ಘಟಕಗಳಿಗೆ ಇಂತಹ ಕೊಳವೆಗಳನ್ನು ಒದಗಿಸುವ ಎಫ್‌ಆರ್‌ಪಿ ಘಟಕಗಳು ನಮ್ಮ ಕೈಗಾರಿಕಾ ಪ್ರದೇಶಗಳಲ್ಲಿ ಬಹುಕಾಲದಿಂದ ನಡೆದುಬಂದಿವೆ. ಈ ಘಟಕಗಳ ಬಹುಪಾಲು ಕೆಲಸ 6 ಅಥವಾ 10 ಬಾರ್ ಒತ್ತಡದೊಳಗಿನದು. ಆದರೆ ಸಮುದ್ರದ ನೀರನ್ನು ಸಿಹಿನೀರಾಗಿಸುವ ರಿವರ್ಸ್ ಆಸ್ಮೋಸಿಸ್ ಸ್ಥಾವರದಲ್ಲಿ ಒತ್ತಡ 55ರಿಂದ 70 ಬಾರ್ ಇರುತ್ತದೆ. ತೈಲಬಾವಿಗಳಿಗೆ ನೀರು ತುಂಬುವ ಮಾರ್ಗಗಳಲ್ಲಿ 100 ಬಾರ್ ದಾಟುವುದು ಸಾಮಾನ್ಯ. ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್ ಅಧಿಕ ಒತ್ತಡದ ಫೈಬರ್‌ಗ್ಲಾಸ್ ಕೊಳವೆಗಳಿಗಾಗಿ ಹೊರಡಿಸಿರುವ 15ಎಚ್‌ಆರ್ ಎಂಬ ನಿರ್ದಿಷ್ಟತೆ 500 ಪಿಎಸ್‌ಐಯಿಂದ ಆರಂಭವಾಗಿ 5000 ಪಿಎಸ್‌ಐವರೆಗೆ, ಅಂದರೆ ಸುಮಾರು 34ರಿಂದ 345 ಬಾರ್‌ವರೆಗೆ ವ್ಯಾಪಿಸಿದೆ.

ಕಡಿಮೆ ಒತ್ತಡದ ಕೆಲಸದಲ್ಲಿ ಪಳಗಿದ ತಯಾರಕರು ಈ ಮೇಲಿನ ಹಂತಕ್ಕೆ ಏರಲು ಯೋಚಿಸುವಾಗ ಮೊದಲು ಕೇಳುವ ಪ್ರಶ್ನೆ ಗೋಡೆಯ ದಪ್ಪ ಎಷ್ಟಿರಬೇಕು ಎಂಬುದು. ಅದು ಲೆಕ್ಕದಿಂದ ತಿಳಿಯುವ ವಿಷಯ. ಎಳೆ ಸುತ್ತುವ ಯಂತ್ರವಿದ್ದವರಿಗೆ ಅದನ್ನು ಸಾಧಿಸುವುದೂ ಕಷ್ಟವಲ್ಲ. ಕಷ್ಟವಿರುವುದು ಎರಡು ಕೊಳವೆಗಳು ಸೇರುವಲ್ಲಿ. 9 ಮೀಟರ್ ಉದ್ದದ ಕೊಳವೆಗಳಿಂದ ಒಂದು ಕಿಲೋಮೀಟರ್ ಮಾರ್ಗ ಹಾಕಿದರೆ ಸುಮಾರು 110 ಜೋಡಣೆಗಳಾಗುತ್ತವೆ. ಪ್ರತಿ ನೂರು ಜೋಡಣೆಗಳಲ್ಲಿ 99 ಸರಿಯಾಗಿರುತ್ತವೆ ಎಂದು ಭಾವಿಸೋಣ. ಕೇಳುವುದಕ್ಕೆ ಅದು ಉತ್ತಮ ಕೆಲಸವೇ. ಆದರೆ ಆ 110 ಜೋಡಣೆಗಳೂ ಒಟ್ಟಾಗಿ ಸೋರದೆ ಉಳಿಯುವ ಸಂಭವ ನೂರಕ್ಕೆ ಕೇವಲ 33. ಸಾವಿರಕ್ಕೆ 999 ಸರಿಯಾಗಿದ್ದರೆ ಮಾತ್ರ ಅದು ನೂರಕ್ಕೆ 90ರ ಹತ್ತಿರ ಬರುತ್ತದೆ. ಹೀಗಾಗಿ ದರಪಟ್ಟಿ ಕೊಡುವ ಮುನ್ನ ಕೊಳವೆಯ ಬೆಲೆಯಷ್ಟೇ ಶ್ರದ್ಧೆಯಿಂದ ಜೋಡಣೆಯ ಬಗೆಯನ್ನೂ ಸಂಖ್ಯೆಯನ್ನೂ ಪರಿಶೀಲಿಸುವುದು ಅವಶ್ಯ.

ಎಳೆ ಕೊನೆಗೊಳ್ಳುವ ಸ್ಥಳ

ಒಳಗಿನ ಒತ್ತಡ ಕೊಳವೆಯನ್ನು ಎರಡು ದಿಕ್ಕುಗಳಲ್ಲಿ ಹಿಗ್ಗಿಸುತ್ತದೆ. ಸುತ್ತಳತೆಯ ದಿಕ್ಕಿನಲ್ಲಿ ಬೀಳುವ ಎಳೆತ ಉದ್ದದ ದಿಕ್ಕಿನಲ್ಲಿ ಬೀಳುವುದರ ಎರಡರಷ್ಟು. ಈ ಕಾರಣದಿಂದಲೇ ಎರಡೂ ತುದಿ ಮುಚ್ಚಿದ ಕೊಳವೆಗೆ ಗಾಜಿನ ಎಳೆಯನ್ನು ಅಕ್ಷದಿಂದ ಸುಮಾರು 55 ಡಿಗ್ರಿ ಓರೆಯಾಗಿ ಸುತ್ತುತ್ತಾರೆ. ನಿಖರವಾಗಿ ಹೇಳುವುದಾದರೆ 54.7 ಡಿಗ್ರಿ. ಆ ಕೋನದಲ್ಲಿ ಎಳೆಯು ಎರಡೂ ಎಳೆತಗಳನ್ನು ಅವುಗಳ ಪ್ರಮಾಣಕ್ಕೆ ತಕ್ಕಂತೆ ಹೊರುತ್ತದೆ. ಹೊಸ ಗಾಜಿನ ಎಳೆಯ ಎಳೆತ ಸಾಮರ್ಥ್ಯ 3000 ಮೆಗಾಪಾಸ್ಕಲ್ ಮೀರುತ್ತದೆ. ಗಟ್ಟಿಯಾದ ಎಪಾಕ್ಸಿಯದು 70–80 ಮೆಗಾಪಾಸ್ಕಲ್ ಆಸುಪಾಸು. ಕೊಳವೆಯ ಮೈಯಲ್ಲಿ ಭಾರ ಹೊರುವುದು ಎಳೆ. ರೆಸಿನ್ ಕೇವಲ ಎಳೆಗಳನ್ನು ಹಿಡಿದಿಟ್ಟು ಭಾರವನ್ನು ಹಂಚುತ್ತದೆ.

ಜೋಡಣೆಯ ಸ್ಥಳದಲ್ಲಿ ಈ ವ್ಯವಸ್ಥೆ ಮುರಿಯುತ್ತದೆ. ಒಂದು ಕೊಳವೆಯ ಎಳೆ ಅಲ್ಲಿಗೆ ಮುಗಿದು ಇನ್ನೊಂದರ ಎಳೆ ಅಲ್ಲಿಂದ ಆರಂಭವಾಗುತ್ತದೆ. ಎರಡರ ನಡುವೆ ದಾಟಿಹೋಗುವ ಎಳೆ ಒಂದೂ ಇರುವುದಿಲ್ಲ. ಉಕ್ಕಿನಲ್ಲಾದರೆ ಬೆಸುಗೆ ಹಾಕಿದಾಗ ಲೋಹವೇ ಕರಗಿ ಒಂದಾಗುತ್ತದೆ. ಎಪಾಕ್ಸಿಯಾಗಲೀ ಪಾಲಿಯೆಸ್ಟರ್ ಆಗಲೀ ಒಮ್ಮೆ ಗಟ್ಟಿಯಾದ ಮೇಲೆ ಮತ್ತೆ ಕರಗುವುದಿಲ್ಲ. ಆದುದರಿಂದ ಎಳೆ ಹೊತ್ತುಕೊಂಡು ಬಂದ ಭಾರವೆಲ್ಲವೂ ಜೋಡಣೆಯಲ್ಲಿ ಅಂಟಿಗೆ, ಅಥವಾ ರೆಸಿನ್‌ನಿಂದಲೇ ರೂಪುಗೊಂಡ ಥ್ರೆಡ್ಡಿಗೆ, ಅಥವಾ ಒಂದು ಬೀಗದ ಪಟ್ಟಿಗೆ ವರ್ಗವಾಗಬೇಕು.

ಆ ಭಾರ ಎಷ್ಟೆಂಬುದನ್ನು ಒಂದು ಉದಾಹರಣೆಯಿಂದ ನೋಡಬಹುದು. 100 ಮಿ.ಮೀ. ಒಳವ್ಯಾಸದ ಕೊಳವೆ, 100 ಬಾರ್ ಒತ್ತಡ. 100 ಬಾರ್ ಎಂದರೆ 10 ಮೆಗಾಪಾಸ್ಕಲ್. ಕೊಳವೆಯ ಒಳ ಅಡ್ಡಕೊಯ್ತ 7854 ಚದರ ಮಿ.ಮೀ. ಗುಣಿಸಿದರೆ ಮುಚ್ಚಿದ ತುದಿಯನ್ನು ಹೊರದಬ್ಬುವ ಬಲ 78,540 ನ್ಯೂಟನ್, ಅಂದರೆ ಸುಮಾರು 8 ಟನ್. ನಾಲ್ಕು ಇಂಚಿನ ಕೊಳವೆಯ ಪ್ರತಿಯೊಂದು ತಿರುವಿನಲ್ಲಿ, ಪ್ರತಿಯೊಂದು ಮುಚ್ಚಿದ ವಾಲ್ವಿನಲ್ಲಿ ಈ 8 ಟನ್ ಜೋಡಣೆಯನ್ನು ಬಿಡಿಸಲು ಸದಾ ಕಾದಿರುತ್ತದೆ. ಕುಡಿಯುವ ನೀರಿನ ದೊಡ್ಡ ಜಿಆರ್‌ಪಿ ಮಾರ್ಗಗಳಲ್ಲಿ ಬಳಸುವ ರಬ್ಬರ್ ಉಂಗುರದ ಕಾಲರ್ ಜೋಡಣೆ ಈ ಬಲವನ್ನು ತಡೆಯುವುದೇ ಇಲ್ಲ. ಅಲ್ಲಿ ತಿರುವುಗಳ ಹಿಂದೆ ಕಾಂಕ್ರೀಟ್ ದಿಮ್ಮಿ ಕಟ್ಟಿ ಬಲವನ್ನು ಮಣ್ಣಿಗೆ ಒಪ್ಪಿಸುತ್ತಾರೆ. ಕಾರ್ಖಾನೆಯೊಳಗೆ, ಕಂಬಗಳ ಮೇಲೆ ಹಾಯುವ ಅಧಿಕ ಒತ್ತಡದ ಮಾರ್ಗದಲ್ಲಿ ಆ ಅನುಕೂಲವಿಲ್ಲ. ಜೋಡಣೆಯೇ ಅದನ್ನು ಹೊರಬೇಕು.

ಅಂಟಿನ ಜೋಡಣೆ

ಒಂದು ಕೊಳವೆಯ ತುದಿಯನ್ನು ಇನ್ನೊಂದರ ಗಂಟೆಯಾಕಾರದ ಬಾಯಿಯೊಳಗೆ ಕೂರಿಸಿ ಎಪಾಕ್ಸಿ ಅಂಟಿನಿಂದ ಬಂಧಿಸುವ ಪದ್ಧತಿ ಅತ್ಯಂತ ವ್ಯಾಪಕವಾದದ್ದು. ಮೇಲಿನ ಉದಾಹರಣೆಯನ್ನೇ ಮುಂದುವರಿಸೋಣ. ತುದಿಯು ಬಾಯಿಯೊಳಗೆ 100 ಮಿ.ಮೀ. ಆಳ ಕುಳಿತರೆ ಅಂಟಿದ ಮೇಲ್ಮೈ 31,416 ಚದರ ಮಿ.ಮೀ. ಅಂಟಿನ ಮೇಲೆ ಬೀಳುವ ಸರಾಸರಿ ಷಿಯರ್, ಅಂದರೆ ಒಂದು ಮೈಯನ್ನು ಇನ್ನೊಂದರ ಮೇಲೆ ಜಾರಿಸಲು ಯತ್ನಿಸುವ ಬಲ, ಚದರ ಮಿ.ಮೀ.ಗೆ 2.5 ನ್ಯೂಟನ್. ಉತ್ತಮ ಎಪಾಕ್ಸಿ ಅಂಟು ಪ್ರಯೋಗಾಲಯದ ಪಟ್ಟಿ ಪರೀಕ್ಷೆಯಲ್ಲಿ 15ರಿಂದ 25ರವರೆಗೆ ತಾಳುತ್ತದೆ. ಈ ಎರಡು ಅಂಕಿಗಳನ್ನು ಅಕ್ಕಪಕ್ಕದಲ್ಲಿಟ್ಟು ‘ಎಂಟು ಪಟ್ಟು ಭದ್ರತೆ ಇದೆ’ ಎಂದು ದರಪಟ್ಟಿಯಲ್ಲಿ ಬರೆದುಬಿಡುವುದು ಸುಲಭ. ಅನೇಕರು ಬರೆಯುತ್ತಾರೆ ಕೂಡ.

ಸರಾಸರಿಯಲ್ಲಿಯೇ ಮೋಸವಿದೆ. ಹೊಲಿಗೆ ಹಾಕಿದ ಎರಡು ಬಟ್ಟೆಗಳನ್ನು ಎಳೆದಾಗ ಮೊದಲು ಕಿತ್ತುಬರುವುದು ಅಂಚಿನ ಹೊಲಿಗೆ. ನಡುವಿನ ಹೊಲಿಗೆಗೆ ಆ ಎಳೆತ ತಲುಪಿಯೇ ಇರುವುದಿಲ್ಲ. ಅಂಟಿನ ಜೋಡಣೆಯೂ ಹಾಗೆಯೇ. ಕೊಳವೆಯ ಗೋಡೆ ಎಳೆತಕ್ಕೆ ತುಸು ಹಿಗ್ಗುವುದರಿಂದ ಭಾರವೆಲ್ಲ ಅತಿಕ್ರಮಣದ ಎರಡು ಅಂಚುಗಳಲ್ಲಿ ಒಟ್ಟುಗೂಡುತ್ತದೆ. ಇದನ್ನು ಗಣಿತದ ಮೂಲಕ ಮೊದಲು ತೋರಿಸಿದವರು ಜರ್ಮನಿಯ ಫೋಲ್ಕರ್ಸನ್, 1938ರಲ್ಲಿ. 1944ರಲ್ಲಿ ಅಮೆರಿಕದ ಗೋಲಂಡ್ ಮತ್ತು ರೈಸ್ನರ್ ಇನ್ನೊಂದು ಅಂಶವನ್ನು ಸೇರಿಸಿದರು: ಎರಡು ಮೈಗಳ ಎಳೆತ ಒಂದೇ ರೇಖೆಯಲ್ಲಿಲ್ಲದ ಕಾರಣ ಜೋಡಣೆ ಬಾಗುತ್ತದೆ, ಬಾಗಿದಾಗ ಅಂಚಿನಲ್ಲಿ ಅಂಟನ್ನು ಸುಲಿಯುವ ಬಲ ಹುಟ್ಟುತ್ತದೆ. ಅಂಟು ಜಾರುವ ಬಲವನ್ನು ಚೆನ್ನಾಗಿ ತಾಳುತ್ತದೆ, ಸುಲಿಯುವ ಬಲವನ್ನು ತಾಳುವುದಿಲ್ಲ. ಲಕೋಟೆಯ ಅಂಟನ್ನು ಬಿಡಿಸಿದವರೆಲ್ಲರಿಗೂ ಇದು ತಿಳಿದಿದೆ.

ಇದರಿಂದ ತಯಾರಕರಿಗೆ ದೊರೆಯುವ ಮೊದಲ ಪಾಠವೆಂದರೆ, ಒಂದು ಮಿತಿ ದಾಟಿದ ಮೇಲೆ ಅತಿಕ್ರಮಣದ ಉದ್ದ ಹೆಚ್ಚಿಸಿದರೆ ಅಂಚಿನ ಭಾರ ಕಡಿಮೆಯಾಗುವುದಿಲ್ಲ. 100 ಮಿ.ಮೀ. ಬದಲು 200 ಮಿ.ಮೀ. ಕೂರಿಸಿದರೆ ಸರಾಸರಿ ಅರ್ಧವಾಗುತ್ತದೆ, ಜೋಡಣೆಯ ಶಕ್ತಿ ಮಾತ್ರ ಎರಡರಷ್ಟಾಗುವುದಿಲ್ಲ. ಹೆಚ್ಚುವರಿ ಉದ್ದ ಸಂಪೂರ್ಣ ವ್ಯರ್ಥವೂ ಅಲ್ಲ. ಹೊರೆ ಇಲ್ಲದ ನಡುಭಾಗ ದೀರ್ಘಕಾಲದ ಜಾರುವಿಕೆಯನ್ನು ತಡೆಹಿಡಿಯುತ್ತದೆ ಮತ್ತು ಕೆಲಸದ ಸಣ್ಣ ದೋಷಗಳಿಗೆ ಅವಕಾಶ ಕೊಡುತ್ತದೆ. ಆದರೆ ಅಂಚನ್ನು ಉಳಿಸುವ ಉಪಾಯ ಬೇರೆಯದೇ. ಅದು ಗೋಡೆಯನ್ನು ಇಳಿಜಾರಾಗಿ ಕೆತ್ತುವುದು. ತುದಿಯನ್ನು ಶಂಕುವಿನಂತೆ ಹೊರಗಿನಿಂದ ಸವೆಸಿ, ಬಾಯಿಯನ್ನು ಅದೇ ಕೋನದಲ್ಲಿ ಒಳಗಿನಿಂದ ರೂಪಿಸಿದಾಗ ಒಂದು ಗೋಡೆ ತೆಳುವಾದಂತೆ ಇನ್ನೊಂದು ದಪ್ಪವಾಗುತ್ತ ಹೋಗುತ್ತದೆ. ಭಾರವೂ ಹಾಗೆಯೇ ಕ್ರಮೇಣ ಕೈಬದಲಾಗುತ್ತದೆ. ಕೋನ ಚಿಕ್ಕದಾದಷ್ಟೂ ಒಳಿತು. ರೂಢಿಯಲ್ಲಿರುವ ಶಂಕು ಜೋಡಣೆಗಳ ಕೋನ ಎರಡು ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಶಂಕುವಿನ ಇನ್ನೊಂದು ಗುಣವನ್ನು ಕೆಲಸಗಾರರು ಹೆಚ್ಚು ಮೆಚ್ಚುತ್ತಾರೆ: ಒಳದಬ್ಬಿದಾಗ ಕೊಳವೆ ತಾನಾಗಿಯೇ ಮಧ್ಯಕ್ಕೆ ಕೂಡುತ್ತದೆ, ಅಂಟಿನ ಪದರ ಸುತ್ತಲೂ ಸಮವಾಗಿರುತ್ತದೆ.

ಅಂಟಿನ ಪದರ ತೆಳುವಾಗಿರಬೇಕು. ಮಿಲಿಮೀಟರಿನ ಹತ್ತನೇ ಒಂದು ಭಾಗದಿಂದ ಕಾಲು ಭಾಗದವರೆಗೆ ಇದ್ದರೆ ಸಾಕು. ‘ಸ್ವಲ್ಪ ಜಾಸ್ತಿಯೇ ಹಾಕಿ’ ಎಂಬ ಉದಾರ ಮನೋಭಾವ ಇಲ್ಲಿ ಕೆಲಸಕ್ಕೆ ಬಾರದು. ದಪ್ಪ ಪದರದಲ್ಲಿ ಗಾಳಿಯ ಗುಳ್ಳೆಗಳು ಉಳಿಯುತ್ತವೆ, ಒಳಕ್ಕೆ ಒತ್ತರಿಸಿದ ಅಂಟು ಕೊಳವೆಯೊಳಗೆ ದಿಣ್ಣೆಯಾಗಿ ಗಟ್ಟಿಯಾಗಿ ಹರಿವಿಗೆ ಅಡ್ಡಬರುತ್ತದೆ.

ಮೇಲ್ಮೈಯ ಸಿದ್ಧತೆ ಮತ್ತು ಅಂಟು ಬೆರೆಸುವುದು

ವಿನ್ಯಾಸಕಾರರು ಮಾಡಿದ ಲೆಕ್ಕ ಎಷ್ಟೇ ಸರಿಯಾಗಿರಲಿ, ಸ್ಥಳದಲ್ಲಿ ಬೆವರು ಒರೆಸಿದ ಕೈಯಿಂದ ಸವೆಸಿದ ತುದಿಯನ್ನು ಮುಟ್ಟಿದರೆ ಮುಗಿಯಿತು. ಕೊಳವೆಯ ಹೊಳಪಿನ ಮೇಲ್ಪದರವನ್ನು ಪೂರ್ತಿ ಸವೆಸಿ, ಧೂಳನ್ನು ತೆಗೆದು, ದ್ರಾವಕದಿಂದ ಒರೆಸಿದ ಮೇಲೆ ಬರಿಗೈ ತಗುಲಬಾರದು. ಸವೆಸಿದ ಮೈಯನ್ನು ಅದೇ ದಿನ, ಸಾಧ್ಯವಾದರೆ ಒಂದೆರಡು ಗಂಟೆಗಳೊಳಗೆ ಅಂಟಿಸಬೇಕು. ಕರಾವಳಿಯ ಮಳೆಗಾಲದಲ್ಲಿ ತೇವದ ಸಮಸ್ಯೆ ವಿಶೇಷವಾದದ್ದು. ಬೆಳಗಿನ ಹೊತ್ತು ಕೊಳವೆ ಸುತ್ತಲಿನ ಗಾಳಿಗಿಂತ ತಂಪಾಗಿದ್ದರೆ ಕಣ್ಣಿಗೆ ಕಾಣದ ನೀರಿನ ಪೊರೆ ಅದರ ಮೇಲೆ ಕೂರುತ್ತದೆ. ತುದಿಯನ್ನು ನಿಧಾನವಾಗಿ ಬೆಚ್ಚಗೆ ಮಾಡಿ ಒಣಗಿಸಿದ ನಂತರವೇ ಅಂಟು ಹಚ್ಚುವುದು ಕ್ಷೇಮ.

ಅಂಟಿನ ಕಿಟ್‌ಗಳ ವಿಷಯದಲ್ಲಿ ವ್ಯಾಪಾರಿಗಳ ಜವಾಬ್ದಾರಿಯೂ ಇದೆ. ಕಿಟ್‌ಗೆ ಬಾಳಿಕೆಯ ಅವಧಿ ಇದೆ, ಸಂಗ್ರಹಿಸಬೇಕಾದ ಉಷ್ಣತೆಯ ಮಿತಿಯೂ ಇದೆ. ತಗಡಿನ ಮಾಡಿನ ಗೋದಾಮಿನಲ್ಲಿ ಎರಡು ಬೇಸಿಗೆ ಕಳೆದ ಕಿಟ್ ನೋಡಲು ಹೊಸದರಂತೆಯೇ ಇರಬಹುದು. ದಾಸ್ತಾನಿನಲ್ಲಿ ಮೊದಲು ಬಂದದ್ದನ್ನು ಮೊದಲು ಕೊಡುವ ಕ್ರಮವನ್ನು ಔಷಧದ ಅಂಗಡಿಯವರಷ್ಟೇ ಕಟ್ಟುನಿಟ್ಟಾಗಿ ಪಾಲಿಸಬೇಕು. ಅರ್ಧ ಕಿಟ್ ಮಾರುವುದಾಗಲೀ, ಅರ್ಧ ಬೆರೆಸಿ ಉಳಿದದ್ದನ್ನು ನಾಳೆಗೆ ಇಡುವುದಾಗಲೀ ಸಲ್ಲದು, ಏಕೆಂದರೆ ಎರಡು ಭಾಗಗಳ ತೂಕದ ಅನುಪಾತ ಕಾರ್ಖಾನೆಯಲ್ಲಿ ನಿಗದಿಯಾಗಿರುತ್ತದೆ.

ಪಾಲಿಯೆಸ್ಟರ್ ಕೆಲಸದಿಂದ ಬಂದವರು ಎಪಾಕ್ಸಿಗೆ ಕೈಹಾಕುವಾಗ ಒಂದು ಹಳೆಯ ಅಭ್ಯಾಸವನ್ನು ಬಿಡಬೇಕಾಗುತ್ತದೆ. ಪಾಲಿಯೆಸ್ಟರಿನಲ್ಲಿ ಕ್ಯಾಟಲಿಸ್ಟ್ ಪ್ರಮಾಣವನ್ನು ಮಿತಿಯೊಳಗೆ ಹೆಚ್ಚು ಕಡಿಮೆ ಮಾಡಿ ಗಟ್ಟಿಯಾಗುವ ವೇಗವನ್ನು ಹೊಂದಿಸಿಕೊಳ್ಳಬಹುದು. ಎಪಾಕ್ಸಿಯ ಹಾರ್ಡನರ್ ಕ್ಯಾಟಲಿಸ್ಟ್ ಅಲ್ಲ. ಅದು ರೆಸಿನ್ ಜೊತೆ ಅಣುವಿಗೆ ಅಣು ಕೂಡಿ ಅಂಟಿನ ಭಾಗವೇ ಆಗುತ್ತದೆ. ಬೇಗ ಗಟ್ಟಿಯಾಗಲಿ ಎಂದು ಹೆಚ್ಚು ಹಾರ್ಡನರ್ ಹಾಕಿದರೆ ಕೂಡಲು ಜೊತೆ ಸಿಗದ ಹಾರ್ಡನರ್ ಅಂಟಿನಲ್ಲಿ ಹಾಗೆಯೇ ಉಳಿದು ಅದನ್ನು ಮೆತ್ತಗಾಗಿಸುತ್ತದೆ, ನೀರನ್ನೂ ಎಳೆದುಕೊಳ್ಳುತ್ತದೆ. ಪಾಲಿಯೆಸ್ಟರ್ ಮತ್ತು ವಿನೈಲ್ ಎಸ್ಟರ್ ಬಳಸುವವರಿಗೂ ಒಂದು ಮಾತು: ಎಂಇಕೆಪಿ ಕ್ಯಾಟಲಿಸ್ಟನ್ನೂ ಕೋಬಾಲ್ಟ್ ಆಕ್ಸಲರೇಟರನ್ನೂ ಎಂದಿಗೂ ನೇರವಾಗಿ ಒಂದಕ್ಕೊಂದು ಬೆರೆಸಬಾರದು, ಅಕ್ಕಪಕ್ಕದಲ್ಲಿ ಇಡಲೂಬಾರದು. ಆ ಮಿಶ್ರಣ ಸ್ಫೋಟಿಸುತ್ತದೆ.

ಅಂಟು ಗಟ್ಟಿಯಾದಂತೆ ಕಾಣುವುದಕ್ಕೂ ಪೂರ್ತಿ ಹದಗೊಳ್ಳುವುದಕ್ಕೂ ವ್ಯತ್ಯಾಸವಿದೆ. ಸಾಮಾನ್ಯ ಉಷ್ಣತೆಯಲ್ಲಿ ಗಟ್ಟಿಯಾದ ಎಪಾಕ್ಸಿ 50–60 ಡಿಗ್ರಿ ಸೆಲ್ಸಿಯಸ್ ಸಮೀಪಿಸಿದಾಗ ಗಾಜಿನಂತಹ ಬಿರುಸನ್ನು ಕಳೆದುಕೊಂಡು ಮೆತ್ತಗಾಗತೊಡಗುತ್ತದೆ. ಕೊಳವೆಯೊಳಗಿನ ದ್ರವದ ಉಷ್ಣತೆ ಈ ಮಿತಿಗಿಂತ ಕನಿಷ್ಠ 20–30 ಡಿಗ್ರಿ ಕೆಳಗಿರಬೇಕು. ಬಳ್ಳಾರಿ, ರಾಯಚೂರಿನ ಬೇಸಿಗೆಯಲ್ಲಿ ಬಿಸಿಲಿಗೆ ಮಲಗಿದ, ನೀರು ಹರಿಯದೆ ನಿಂತ ಕೊಳವೆಯ ಮೈ ತಾನೇ 60 ಡಿಗ್ರಿ ಸಮೀಪಿಸಬಹುದು. ಆದ್ದರಿಂದ ಅಧಿಕ ಒತ್ತಡದ ಜೋಡಣೆಗಳನ್ನು ವಿದ್ಯುತ್ ಕಂಬಳಿ ಸುತ್ತಿ, ಅಂಟಿನ ತಯಾರಕರು ಹೇಳಿದ ಉಷ್ಣತೆಯಲ್ಲಿ ಹೇಳಿದಷ್ಟು ಹೊತ್ತು ಕಾಯಿಸುವುದು ಕಡ್ಡಾಯ. ಕಂಬಳಿಗೆ ಜನರೇಟರ್ ಬೇಕು, ಒಂದು ಜೋಡಣೆಗೆ ಗಂಟೆಗಟ್ಟಲೆ ಕಾಲ ಹಿಡಿಯುತ್ತದೆ. ಗುತ್ತಿಗೆಯ ದರದಲ್ಲಿ ಇದನ್ನು ಸೇರಿಸದವರು ಸ್ಥಳದಲ್ಲಿ ಕಂಬಳಿಯನ್ನು ಬೇಗನೆ ಕಳಚುತ್ತಾರೆ.

ಥ್ರೆಡ್ ಜೋಡಣೆ

ತೈಲಕ್ಷೇತ್ರಗಳಲ್ಲಿ ಅಂಟು ಒಣಗುವವರೆಗೆ ಕಾಯುವ ವ್ಯವಧಾನವಿರುವುದಿಲ್ಲ. ಅಲ್ಲಿ ಬಾವಿಯೊಳಗೆ ಇಳಿಸುವ ಮತ್ತು ನೆಲದ ಮೇಲೆ ಹಾಕುವ ಅಧಿಕ ಒತ್ತಡದ ಕೊಳವೆಗಳಿಗೆ ಥ್ರೆಡ್ ಜೋಡಣೆ ರೂಢಿಯಲ್ಲಿದೆ. ಉಕ್ಕಿನ ಕೊಳವೆಯಂತೆ ಲೇತಿನಲ್ಲಿ ಥ್ರೆಡ್ ಕತ್ತರಿಸಿದರೆ ಸುತ್ತಿದ ಎಳೆಗಳೂ ಕತ್ತರಿಸಿಹೋಗುತ್ತವೆ. ಹಲ್ಲಿನ ಬುಡದಲ್ಲಿ ಭಾರ ಹೊರಲು ಎಳೆಯ ತುಂಡುಗಳು ಮಾತ್ರ ಉಳಿಯುತ್ತವೆ. ಆದುದರಿಂದ ಉತ್ತಮ ತಯಾರಕರು ಥ್ರೆಡ್ಡಿನ ಅಚ್ಚಿನ ಮೇಲೆಯೇ ಎಳೆ ಸುತ್ತಿ ಹಲ್ಲನ್ನು ರೂಪಿಸುತ್ತಾರೆ, ಅಥವಾ ತುದಿಯನ್ನು ಹೆಚ್ಚುವರಿ ಪದರಗಳಿಂದ ದಪ್ಪ ಮಾಡಿ ಆ ಹೆಚ್ಚುವರಿಯಲ್ಲಿ ಮಾತ್ರ ಹಲ್ಲು ಕೊರೆಯುತ್ತಾರೆ.

ನಟ್ಟು ಬೋಲ್ಟುಗಳಲ್ಲಿರುವಂತೆ ಇಲ್ಲಿಯೂ ಮೊದಲ ಕೆಲವು ಹಲ್ಲುಗಳು ಬಹುಪಾಲು ಭಾರ ಹೊರುತ್ತವೆ. ಉಕ್ಕಿನ ಹಲ್ಲು ಅತಿಭಾರಕ್ಕೆ ತುಸು ಬಾಗಿ ಮುಂದಿನ ಹಲ್ಲಿಗೆ ಭಾರ ಹಂಚುತ್ತದೆ. ರೆಸಿನ್ ಹಲ್ಲು ಬಾಗದೆ ಒಡೆಯುತ್ತದೆ. ಶಂಕುವಿನಾಕಾರದ ಥ್ರೆಡ್ ಮತ್ತು ಹೆಚ್ಚು ಉದ್ದದ ಹಿಡಿತ ಇದಕ್ಕೆ ಪರಿಹಾರ. ಪಿಟಿಎಫ್‌ಇ ಮಿಶ್ರಿತ ಲೇಪನ ಹಚ್ಚಿ, ನಿಗದಿಪಡಿಸಿದ ತಿರುಚುಬಲಕ್ಕೆ ನಿಲ್ಲಿಸಬೇಕು. ಹಲ್ಲಿನ ಪೈಪ್ ರೆಂಚು ಫೈಬರ್‌ಗ್ಲಾಸ್ ಮೈಯನ್ನು ಕಚ್ಚಿ ಎಳೆಗಳನ್ನು ಕಡಿಯುತ್ತದೆ. ಪಟ್ಟಿಯ ರೆಂಚನ್ನೇ ಬಳಸಬೇಕು. ಉಕ್ಕಿನ ಕೊಳವೆ ಕೆಲಸದಲ್ಲಿ ಇಪ್ಪತ್ತು ವರ್ಷ ಪಳಗಿದ ಫಿಟ್ಟರಿಗೆ ಇದನ್ನು ಒಪ್ಪಿಸುವುದು ಸುಲಭವಲ್ಲ ಎಂಬುದು ನಿಜ. ಸೋರಿದ ಕೂಡಲೇ ಇನ್ನೊಂದು ಸುತ್ತು ಬಿಗಿಯುವುದು ಅವರ ಕೈಗೆ ಬಂದ ಗುಣ, ಮತ್ತು ಇಲ್ಲಿ ಅದೇ ಸುತ್ತು ಬಾಯಿಯನ್ನು ಸೀಳುತ್ತದೆ.

ರಬ್ಬರ್ ಉಂಗುರದ ಜೊತೆಗೆ ಬೀಗದ ಪಟ್ಟಿ ಇರುವ ಜೋಡಣೆ ಇನ್ನೊಂದು ಬಗೆ. ಇದರಲ್ಲಿ ಸೋರಿಕೆ ತಡೆಯುವ ಕೆಲಸ ಉಂಗುರದ್ದು. ಭಾರ ಹೊರುವ ಕೆಲಸ, ಎರಡೂ ಕೊಳವೆಗಳ ತೋಡುಗಳು ಎದುರುಬದುರಾದಾಗ ಪಕ್ಕದ ರಂಧ್ರದಿಂದ ತೂರಿಸುವ ಉದ್ದನೆಯ ಪಟ್ಟಿಯದು. ಅಂಟಿಲ್ಲ, ಕಾಯಿಸುವುದಿಲ್ಲ, ಬೇಕೆಂದಾಗ ಬಿಚ್ಚಬಹುದು. ಬೆಲೆ ಹೆಚ್ಚು.

ಕೈಯಿಂದ ಸುತ್ತುವ ಪಟ್ಟಿಯ ಮಿತಿ

ನಮ್ಮ ಸಣ್ಣ ಘಟಕಗಳಿಗೆ ಅತ್ಯಂತ ಪರಿಚಿತವಾದ ವಿಧಾನ, ಎರಡು ತುದಿಗಳನ್ನು ಮುಖಾಮುಖಿ ಇಟ್ಟು ಮೇಲೆ ರೆಸಿನ್ ತೊಯ್ದ ಗಾಜಿನ ಮ್ಯಾಟ್ ಮತ್ತು ಬಟ್ಟೆಯನ್ನು ಪದರಪದರವಾಗಿ ಸುತ್ತುವುದು. ಇದು ಒಳ್ಳೆಯ ಜೋಡಣೆ. ಆದರೆ ಇದನ್ನೇ ದಪ್ಪಮಾಡಿ ಅಧಿಕ ಒತ್ತಡಕ್ಕೆ ಒಯ್ಯಬಹುದೆಂಬ ನಂಬಿಕೆಯನ್ನು ಲೆಕ್ಕವೇ ಅಲ್ಲಗಳೆಯುತ್ತದೆ. ಸುತ್ತುಪಟ್ಟಿ ಪ್ರತಿ ಕೊಳವೆಯನ್ನು ಎಷ್ಟು ಉದ್ದ ಹಿಡಿಯಬೇಕೆಂಬುದು ಒತ್ತಡ ಮತ್ತು ವ್ಯಾಸಗಳ ಗುಣಲಬ್ಧಕ್ಕೆ ಅನುಗುಣವಾಗಿ ಬೆಳೆಯುತ್ತದೆ. ಕೈಯಿಂದ ಸುತ್ತಿದ ಪಟ್ಟಿಗೂ ಕೊಳವೆಗೂ ನಡುವೆ ಅನುಮತಿಸುವ ಷಿಯರ್ ಚದರ ಮಿ.ಮೀ.ಗೆ 1 ನ್ಯೂಟನ್ ಎಂದಿಟ್ಟುಕೊಳ್ಳೋಣ. 100 ಮಿ.ಮೀ. ಕೊಳವೆಗೆ 10 ಬಾರ್‌ನಲ್ಲಿ ಬೇಕಾಗುವುದು ಪ್ರತಿ ಬದಿಗೆ 25 ಮಿ.ಮೀ. ಮಾತ್ರ, ಯಾರೂ ಅದಕ್ಕಿಂತ ಕಡಿಮೆ ಸುತ್ತುವುದಿಲ್ಲ. 100 ಬಾರ್‌ನಲ್ಲಿ ಪ್ರತಿ ಬದಿಗೆ 250 ಮಿ.ಮೀ., ಒಟ್ಟು ಅರ್ಧ ಮೀಟರ್. 200 ಮಿ.ಮೀ. ಕೊಳವೆಯಾದರೆ ಒಂದು ಮೀಟರ್. ಅಷ್ಟು ದಪ್ಪ, ಅಷ್ಟು ಉದ್ದದ ಪಟ್ಟಿಯನ್ನು ಒಂದೇ ಬಾರಿಗೆ ಸುತ್ತಿದರೆ ರೆಸಿನ್ ತನ್ನ ಬಿಸಿಗೆ ತಾನೇ ಸುಟ್ಟು ಬಿರುಕು ಬಿಡುತ್ತದೆ. ಹಂತಹಂತವಾಗಿ ಸುತ್ತಿ ನಡುವೆ ತಣಿಸಬೇಕು. ಪಟ್ಟಿಯ ಅಂಚುಗಳನ್ನು ಇಳಿಜಾರಾಗಿ ಮುಗಿಸದಿದ್ದರೆ ಸುಲಿಯುವ ಬಲ ಅಲ್ಲಿಂದ ಶುರುವಾಗುತ್ತದೆ.

ಉಕ್ಕಿಗೆ ಕೂಡುವಾಗ

ಪಂಪು, ವಾಲ್ವು, ಮೀಟರುಗಳು ಉಕ್ಕಿನವೇ ಆಗಿರುವುದರಿಂದ ಎಲ್ಲೋ ಒಂದು ಕಡೆ ಫೈಬರ್‌ಗ್ಲಾಸ್ ಉಕ್ಕಿಗೆ ಕೂಡಲೇಬೇಕು. ಎರಡರ ಹಿಗ್ಗುವಿಕೆಯಲ್ಲಿ ಅಜಗಜಾಂತರವಿದೆ. ಸುತ್ತಳತೆಯ ದಿಕ್ಕಿನಲ್ಲಿ ಫೈಬರ್‌ಗ್ಲಾಸ್ ಎಪಾಕ್ಸಿಯ ಬಿಗುಪು ಉಕ್ಕಿನ ಸುಮಾರು ಹತ್ತನೇ ಒಂದು ಭಾಗ. ನಮ್ಮ 100 ಮಿ.ಮೀ. ಕೊಳವೆಗೆ 10 ಮಿ.ಮೀ. ಗೋಡೆಯಿದ್ದರೆ 100 ಬಾರ್‌ನಲ್ಲಿ ಅದರ ವ್ಯಾಸ ಸುಮಾರು ಕಾಲು ಮಿಲಿಮೀಟರ್ ಉಬ್ಬುತ್ತದೆ. ಅಂಟಿನ ಪದರದ ದಪ್ಪವೇ ಅಷ್ಟು. ಪಕ್ಕದ ಉಕ್ಕು ಕದಲುವುದೇ ಇಲ್ಲ.

ಆದುದರಿಂದ ಯಾವುದು ಒಳಗೆ, ಯಾವುದು ಹೊರಗೆ ಎಂಬುದು ನಿರ್ಣಾಯಕ. ಉಕ್ಕಿನ ಮೊಳೆಯ ಮೇಲೆ ಫೈಬರ್‌ಗ್ಲಾಸ್ ಬಾಯಿಯನ್ನು ಕೂರಿಸಿ ಅಂಟಿಸಿದರೆ, ಒತ್ತಡ ಏರಿದಾಗಲೆಲ್ಲ ಬಾಯಿ ಉಬ್ಬಿ ಉಕ್ಕಿನಿಂದ ದೂರ ಸರಿಯಲು ಯತ್ನಿಸುತ್ತದೆ, ಅಂಟು ಸುಲಿಯುತ್ತದೆ. ಫೈಬರ್‌ಗ್ಲಾಸ್ ತುದಿಯನ್ನು ಉಕ್ಕಿನ ಕಾಲರಿನ ಒಳಗೆ ಕೂರಿಸಿದರೆ ಅದೇ ಉಬ್ಬುವಿಕೆ ಕೊಳವೆಯನ್ನು ಕಾಲರಿಗೆ ಒತ್ತಿ ಜೋಡಣೆಯನ್ನು ಬಿಗಿಗೊಳಿಸುತ್ತದೆ. ಇನ್ನೂ ಭದ್ರವಾದ ಕ್ರಮವೊಂದಿದೆ: ಲೋಹದ ತುದಿಯಲ್ಲಿ ಸುತ್ತು ತೋಡುಗಳನ್ನು ಕೊರೆದು, ಕೊಳವೆಯನ್ನು ತಯಾರಿಸುವಾಗಲೇ ಎಳೆಗಳನ್ನು ಆ ತೋಡುಗಳಲ್ಲಿ ಸುತ್ತಿ ಬಂಧಿಸುವುದು. ಕಡಲಾಳದ ತೈಲ ಕೊಳವೆಗಳಿಗೆ ಈ ಕ್ರಮ ಬಳಕೆಯಲ್ಲಿದೆ. ಭಾರ ಇಲ್ಲಿ ಅಂಟನ್ನು ನೆಚ್ಚದೆ ಎಳೆಯಿಂದ ನೇರವಾಗಿ ಲೋಹಕ್ಕೆ ದಾಟುತ್ತದೆ.

ಫ್ಲ್ಯಾಂಜ್ ಕೂಡಿಸುವಲ್ಲಿ ಆಗುವ ನಷ್ಟ ಬಹುತೇಕ ತಪ್ಪಿಸಬಹುದಾದದ್ದು. ಉಕ್ಕಿನ ಫ್ಲ್ಯಾಂಜುಗಳ ಮುಖ ನಡುವೆ ಉಬ್ಬಿರುತ್ತದೆ. ಅದಕ್ಕೆ ಚಪ್ಪಟೆ ಮುಖದ ಫೈಬರ್‌ಗ್ಲಾಸ್ ಫ್ಲ್ಯಾಂಜನ್ನು ಬೋಲ್ಟು ಹಾಕಿ ಬಿಗಿದರೆ ಹೊರ ಅಂಚು ಬಾಗಿ ಕುತ್ತಿಗೆಯ ಬಳಿ ಬಿರುಕು ಬಿಡುತ್ತದೆ. ಉಬ್ಬನ್ನು ಸವೆಸಬೇಕು, ಇಲ್ಲವೇ ಉಬ್ಬಿನ ಸುತ್ತ ಅದೇ ದಪ್ಪದ ಉಂಗುರವನ್ನು ಇಡಬೇಕು. ಪೂರ್ಣ ಮುಖದ ಗ್ಯಾಸ್ಕೆಟ್, ಪ್ರತಿ ಬೋಲ್ಟಿಗೂ ವಾಷರ್, ಟಾರ್ಕ್ ರೆಂಚು, ಎದುರುಬದುರು ಬೋಲ್ಟುಗಳನ್ನು ಹಂತಹಂತವಾಗಿ ಬಿಗಿಯುವ ಕ್ರಮ: ಇವಿಷ್ಟಕ್ಕೆ ತಗಲುವ ವೆಚ್ಚ ಒಂದು ಫ್ಲ್ಯಾಂಜ್ ಬದಲಿಸುವ ವೆಚ್ಚಕ್ಕಿಂತ ಕಡಿಮೆ.

ಪರೀಕ್ಷೆ ಮತ್ತು ಕಾಲ

ಒಂದು ಜೋಡಣೆಯನ್ನು ಒಡೆಯುವವರೆಗೆ ಒತ್ತಡಕ್ಕೆ ಒಳಪಡಿಸಿ, 400 ಬಾರ್‌ಗೆ ಒಡೆಯಿತು, ಆದ್ದರಿಂದ 100 ಬಾರ್‌ಗೆ ಯೋಗ್ಯ ಎನ್ನುವ ವಾದವನ್ನು ಗ್ರಾಹಕರು ಒಪ್ಪುವ ಕಾಲ ಹೋಯಿತು. ಸಂಯುಕ್ತ ವಸ್ತು ನಿರಂತರ ಭಾರದಡಿ ಕಾಲಕ್ರಮದಲ್ಲಿ ದುರ್ಬಲವಾಗುತ್ತದೆ. ಎಎಸ್‌ಟಿಎಂ ಡಿ2992 ಎಂಬ ಪರೀಕ್ಷಾ ವಿಧಾನದಲ್ಲಿ ಕನಿಷ್ಠ 18 ಮಾದರಿಗಳನ್ನು ಬೇರೆಬೇರೆ ಒತ್ತಡಗಳಲ್ಲಿ ಒಡೆಯುವವರೆಗೆ ಇಟ್ಟು, ಕೆಲವನ್ನು 10,000 ಗಂಟೆ ದಾಟಿಸಿ, ಆ ರೇಖೆಯನ್ನು 50 ವರ್ಷಗಳವರೆಗೆ ಎಳೆಯುತ್ತಾರೆ. 50 ವರ್ಷವೆಂದರೆ 4,38,000 ಗಂಟೆ. ಕಾಲ ಹತ್ತು ಪಟ್ಟು ಆದಾಗಲೆಲ್ಲ ಶಕ್ತಿ ನೂರಕ್ಕೆ 8ರಷ್ಟು ಇಳಿಯುವ ಜೋಡಣೆಯೊಂದಿದೆ ಎಂದುಕೊಂಡರೆ, ಒಂದು ಗಂಟೆಯಲ್ಲಿ ಅದಕ್ಕಿದ್ದ ಶಕ್ತಿಯಲ್ಲಿ 50 ವರ್ಷಗಳ ಕೊನೆಗೆ ಉಳಿಯುವುದು ನೂರಕ್ಕೆ ಸುಮಾರು 63. ಪಿಸ್ಟನ್ ಪಂಪಿನ ಮಿಡಿತವಿದ್ದರೆ ಇಳಿತ ಇನ್ನೂ ಕಡಿದಾಗಿರುತ್ತದೆ. ಐಎಸ್‌ಒ 14692 ಪ್ರಮಾಣಕ ಪ್ರತಿ ಅಳತೆಗೂ ಇಷ್ಟು ದೀರ್ಘ ಪರೀಕ್ಷೆ ಕೇಳುವುದಿಲ್ಲ. ಒಂದು ಬಗೆಗೆ ಮೂಲ ರೇಖೆ ಸಿದ್ಧವಾದ ಮೇಲೆ ಉಳಿದ ಅಳತೆಗಳ ಜೋಡಣೆಗಳು 1000 ಗಂಟೆಗಳ ತಾಳಿಕೆ ಪರೀಕ್ಷೆಯಲ್ಲಿ ಉಳಿದರೆ ಸಾಕು. 1000 ಗಂಟೆ ಎಂದರೆ 42 ದಿನ. ಸಣ್ಣ ಘಟಕವೊಂದು ಬಂಡವಾಳ ಹೂಡುವ ಮುನ್ನ ಈ ದಿನಗಳನ್ನೂ ಪರೀಕ್ಷಾ ಶುಲ್ಕವನ್ನೂ ಯೋಜನಾ ವರದಿಯಲ್ಲಿ ನಮೂದಿಸಬೇಕು. ಕುಡಿಯುವ ನೀರಿನ ಜಿಆರ್‌ಪಿ ಕೊಳವೆಗಳಿಗೆ ಇರುವ ಭಾರತೀಯ ಮಾನಕ ಐಎಸ್ 12709 ಹೊಂದಿರುವುದು ಅಧಿಕ ಒತ್ತಡದ ಕೆಲಸಕ್ಕೆ ಅರ್ಹತೆಯಾಗದು.

ಒಡೆಯುವ ಮೊದಲು ಬೆವರುವುದು ಈ ಕೊಳವೆಗಳ ಸ್ವಭಾವ. ಎಳೆ ತುಂಡಾಗುವುದಕ್ಕೆ ಬಹಳ ಮುಂಚೆಯೇ ರೆಸಿನ್‌ನಲ್ಲಿ ಸೂಕ್ಷ್ಮ ಬಿರುಕುಗಳೆದ್ದು ಹೊರಮೈಯಲ್ಲಿ ನೀರಿನ ಹನಿಗಳು ಕಾಣಿಸಿಕೊಳ್ಳುತ್ತವೆ. ಸ್ಥಳದ ಪರೀಕ್ಷೆಯಲ್ಲಿ ಜೋಡಣೆಯನ್ನು ಮಣ್ಣು ಮುಚ್ಚದೆ ತೆರೆದಿಡಬೇಕೆನ್ನುವುದು ಈ ಕಾರಣಕ್ಕೆ. ಪರೀಕ್ಷಾ ಒತ್ತಡ ಸಾಮಾನ್ಯವಾಗಿ ವಿನ್ಯಾಸದ ಒಂದೂವರೆ ಪಟ್ಟು; ನಿಧಾನವಾಗಿ ಏರಿಸಿ, ಗಾಳಿಯನ್ನೆಲ್ಲ ಹೊರಬಿಟ್ಟು, ನೀರಿನಿಂದಲೇ ಮಾಡತಕ್ಕದ್ದು. ಕಂಪ್ರೆಸರ್ ಹತ್ತಿರದಲ್ಲಿದೆ, ನೀರಿಲ್ಲ ಎಂದು ಗಾಳಿಯಿಂದ ಪರೀಕ್ಷಿಸುವವರಿದ್ದಾರೆ. 100 ಬಾರ್‌ನಲ್ಲಿ ಒಂದು ಘನ ಮೀಟರ್ ನೀರಿನಲ್ಲಿ ಅಡಗಿರುವ ಶಕ್ತಿ ಸುಮಾರು 23 ಕಿಲೋಜೌಲ್. ಅಷ್ಟೇ ಗಾಳಿಯಲ್ಲಿ ಅದರ ನೂರಾರು ಪಟ್ಟು. ಜೋಡಣೆ ಬಿಟ್ಟುಕೊಂಡರೆ ನೀರು ಚಿಮ್ಮಿ ನಿಲ್ಲುತ್ತದೆ, ಗಾಳಿ ಕೊಳವೆಯ ತುಂಡನ್ನು ಹಾರಿಸಿ ಮನುಷ್ಯರನ್ನು ಕೊಲ್ಲುತ್ತದೆ.

ಬಿರುಕಿನ ಸದ್ದನ್ನು ಸಂವೇದಕಗಳಿಂದ ಆಲಿಸುವ ವಿಧಾನವೂ ಇದೆ. ಉಪಯುಕ್ತ ವಿಧಾನವೇ, ಆದರೆ ಕೇಳಿಸಿದ ಸದ್ದಿಗೆ ಬೆಲೆ ಕೊಡಬೇಕು. 2023ರ ಜೂನ್‌ನಲ್ಲಿ ಐವರೊಂದಿಗೆ ನಾಶವಾದ ಟೈಟನ್ ಜಲಾಂತರ್ನೌಕೆಯ ಒಡಲು ಇಂಗಾಲದ ಎಳೆಯ ಕೊಳವೆ. ಅದರ ಎರಡೂ ತುದಿಗೆ ಟೈಟಾನಿಯಂ ಉಂಗುರಗಳನ್ನು ಅಂಟಿನಿಂದ ಕೂಡಿಸಲಾಗಿತ್ತು. ಹಿಂದಿನ ವರ್ಷದ ಜುಲೈನಲ್ಲಿ ಒಂದು ಮುಳುಗಿನ ಕೊನೆಗೆ ದೊಡ್ಡ ಸದ್ದು ಕೇಳಿಸಿತ್ತು. ಆ ಬಳಿಕ ಸಂವೇದಕಗಳು ದಾಖಲಿಸಿದ ಅಂಕಿಗಳು ಬದಲಾಗಿದ್ದವು. ಒಡಲಿನ ಪದರಗಳು ಬಿಟ್ಟುಕೊಂಡಿದ್ದವೆಂದು ಅಮೆರಿಕದ ತನಿಖೆ 2025ರಲ್ಲಿ ಹೇಳಿತು. ಅಲ್ಲಿನ ಒತ್ತಡ ಹೊರಗಿನದು, ನಮ್ಮದು ಒಳಗಿನದು. ಆದರೂ ಪದರ ಬಿಡುವ ಕ್ರಮ ಒಂದೇ.

ಗುತ್ತಿಗೆಯ ಕರಾರಿನಲ್ಲಿ

ಕೊಳವೆ ಒಬ್ಬರದು, ಅಂಟಿನ ಕಿಟ್ ಇನ್ನೊಬ್ಬರದು, ಜೋಡಿಸುವವರು ಮೂರನೆಯವರು ಆದಾಗ ಸೋರಿದ ಜೋಡಣೆ ಯಾರದೂ ಅಲ್ಲದಂತಾಗುತ್ತದೆ. ಸರಬರಾಜು ಮಾತ್ರ ನಮ್ಮದು ಎಂದು ಬರೆದುಕೊಟ್ಟ ತಯಾರಕರಿಗೂ ಹಣ ಬರುವುದು ಮಾರ್ಗ ಪರೀಕ್ಷೆಯಲ್ಲಿ ತೇರ್ಗಡೆಯಾದ ಮೇಲೆಯೇ. ಹೀಗಾಗಿ ಜೋಡಿಸುವ ಕೆಲಸಗಾರರ ಅರ್ಹತೆಯನ್ನು ಕರಾರಿನಲ್ಲಿ ಸೇರಿಸುವುದು ಒಳಿತು. ಎಎಸ್‌ಎಂಇ ಬಿ31.3 ಸಂಹಿತೆಯಲ್ಲಿ ಉಕ್ಕಿನ ಬೆಸುಗೆಗಾರರಂತೆ ಅಂಟಿಸುವವರಿಗೂ ಲಿಖಿತ ವಿಧಾನ ಮತ್ತು ಅರ್ಹತಾ ಪರೀಕ್ಷೆ ವಿಧಿಸಲಾಗಿದೆ. ಪ್ರತಿ ಜೋಡಣೆಗೂ ಸಂಖ್ಯೆ ಕೊಟ್ಟು, ಜೋಡಿಸಿದವರ ಗುರುತು, ಕಿಟ್‌ನ ಬ್ಯಾಚ್ ಸಂಖ್ಯೆ, ಆ ಹೊತ್ತಿನ ಉಷ್ಣತೆ ಮತ್ತು ತೇವ, ಕಂಬಳಿ ಹಾಕಿದ ಮತ್ತು ತೆಗೆದ ಸಮಯವನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟರೆ, ಮೂರು ಜೋಡಣೆಗಳು ಸೋರಿದಾಗ ಅವೆಲ್ಲವೂ ಒಂದೇ ಬ್ಯಾಚಿನವೋ ಒಂದೇ ಕೈಯವೋ ಎಂಬುದು ಅರ್ಧ ಗಂಟೆಯಲ್ಲಿ ತಿಳಿಯುತ್ತದೆ.

ಸಾಧ್ಯವಾದಷ್ಟು ತಿರುವು ಮತ್ತು ಕವಲುಗಳನ್ನು ಕಾರ್ಖಾನೆಯಲ್ಲಿಯೇ ಜೋಡಿಸಿ, ಕಾಯಿಸಿ, ಪರೀಕ್ಷಿಸಿ ಕಳುಹಿಸಿದರೆ ಸ್ಥಳದ ಜೋಡಣೆಗಳು ಗಣನೀಯವಾಗಿ ಕಡಿಮೆಯಾಗುತ್ತವೆ. ಸಾಗಾಣಿಕೆಯಲ್ಲಿ ಇಂತಹ ಜೋಡಿಸಿದ ತುಣುಕುಗಳು ಹೆಚ್ಚು ಜಾಗ ಹಿಡಿಯುತ್ತವೆ. ಫೈಬರ್‌ಗ್ಲಾಸ್ ಉಕ್ಕಿನ ಕಾಲು ಭಾಗದಷ್ಟೇ ತೂಕವಿರುವುದರಿಂದ ಲಾರಿ ತುಂಬುವುದು ಗಾತ್ರದಿಂದಲೇ ಹೊರತು ತೂಕದಿಂದಲ್ಲ. ಬಾಡಿಗೆಯ ದರ ಮಾತಾಡುವಾಗ ಟನ್ನಿನ ಲೆಕ್ಕ ಬಿಟ್ಟು ಲಾರಿಯ ಲೆಕ್ಕದಲ್ಲಿ ಮಾತಾಡಬೇಕು, ಮತ್ತು ಕೆತ್ತಿದ ತುದಿಗಳಿಗೆ ಮುಚ್ಚಳ ಹಾಕಿಯೇ ಲಾರಿಗೆ ಏರಿಸಬೇಕು.